ಚಕ್ಕಡಿ
ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ, ಬಸವನಬಾಗೇವಾಡಿ, ಸಿಂದಗಿ, ಇಂಡಿ ಸೀಮೆಯಲ್ಲಿ ಊರಿನ ಬಡಿಗರು ಕೈಯಿಂದಲೇ ಕಟ್ಟುತ್ತ ಬಂದ ಎರಡು ಗಾಲಿಯ ಮರದ ಬಂಡಿ. ಎಳೆಯಲು ಹೆಚ್ಚಾಗಿ ಖಿಲಾರಿ ಎತ್ತುಗಳು. ಚಕ್ಕಡಿ ಬಯಲುನಾಡಿನದು, ಅದಕ್ಕೆ ಎತ್ತೇ ಬಲ.

ಕಸುಬೆಲ್ಲ ಗಾಲಿಯಲ್ಲಿದೆ. ನಡುವಿನ ಗುಂಬಕ್ಕೆ ಸಾಮಾನ್ಯವಾಗಿ 12 ಅರೆಕಾಲುಗಳನ್ನು ಬಡಿದು ಕೂರಿಸಿ, ಅವುಗಳ ತುದಿಗೆ ಬಾಗಿದ 6 ತುಂಡುಗಳನ್ನು ಜೋಡಿಸಿ ಸುತ್ತು ಮುಗಿಸುತ್ತಾರೆ. ಇದಕ್ಕೆ ಬಳಸುವ ಜಾಲಿ ಕಟ್ಟಿಗೆ ಗಟ್ಟಿ, ಹೊಲದ ಬದುವಿನಲ್ಲೇ ಸಿಗುವಂಥದ್ದು. ಆಮೇಲಿನ ಕೆಲಸ ಕಮ್ಮಾರನದು. ಗಾಲಿಗಿಂತ ತುಸು ಚಿಕ್ಕದಾದ ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕಾಯಿಸಿ, ಅದು ಹಿಗ್ಗಿದಾಗ ಗಾಲಿಗೆ ತೊಡಿಸಿ, ಕೂಡಲೇ ನೀರು ಸುರಿಯುತ್ತಾರೆ. ಕುಗ್ಗಿದ ಹಳಿ ಅರೆಕಾಲುಗಳನ್ನೆಲ್ಲ ಬಿಗಿದು ಹಿಡಿಯುತ್ತದೆ. ಮೊಳೆಯ ಕೆಲಸ ಅಲ್ಪವೇ. ಎರೆ ಮಣ್ಣಿನ ಕೆಸರಿಗೆ ಎತ್ತರದ ಗಾಲಿಯೇ ಲೇಸು.

ಅಚ್ಚಿನಿಂದ ಗಾಲಿ ಕಳಚದಂತೆ ತಡೆಯುವುದು ಕಡೆಗೀಲು. ನೆರೆಯ ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯ ತನ್ನ ವಚನದಲ್ಲಿ ಇದನ್ನೇ ರೂಪಕವಾಗಿಸಿದ್ದಾನೆ.

ಗೊಬ್ಬರ, ಕಣಿಕೆ, ಹತ್ತಿ ಎಲ್ಲವೂ ಇದರಲ್ಲೇ ಸಾಗುತ್ತಿದ್ದವು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗದ ಎಡೆ ಚೆಲ್ಲಲು, ಬನಶಂಕರಿ ಜಾತ್ರೆಗೆ ಹೋಗಲು ಮನೆಮಂದಿಯೆಲ್ಲ ಏರುತ್ತಿದ್ದುದೂ ಇದನ್ನೇ. ಟೈರಿನ ಬಂಡಿ, ಟ್ರ್ಯಾಕ್ಟರ್ ಬಂದ ಮೇಲೆ ಹಳಿ ಕಟ್ಟಬಲ್ಲವರು ವಿರಳರಾಗಿದ್ದಾರೆ.