ಐವತ್ತು ಅಂಕಿಗಳ ಬೀಗ

2007ರ ಮಳೆಗಾಲ. ಮಂಗಸೂಳಿಯ ಮನೆಯಲ್ಲಿ ಸಿಡಿಲಿಗೆ ಸುಟ್ಟ ಗಣಕಯಂತ್ರದ ಮದರ್‌ಬೋರ್ಡನ್ನು ಬದಲಿಸಿ ತಂದಿದ್ದೆ. ತೆರೆದರೆ ವಿಂಡೋಸ್ ಎಕ್ಸ್‌ಪಿಯ ಎಚ್ಚರಿಕೆ: ಮೂರು ದಿನಗಳೊಳಗೆ ಮತ್ತೆ ಸಕ್ರಿಯಗೊಳಿಸಬೇಕು! ಮಲ್ಲಯ್ಯನ ಜಾತ್ರೆಯನ್ನು ಕುರಿತು ಹಿರಿಯರಿಂದ ಕೇಳಿ ಬರೆದುಕೊಂಡುದೆಲ್ಲ ಅದರೊಳಗಿತ್ತು.

ಕೇಳುಗರೇ, ಈ ನಿರ್ಬಂಧಕ್ಕೊಂದು ಚರಿತ್ರೆಯುಂಟು. ವಿಂಡೋಸ್ 98ರ ಕಾಲದಲ್ಲಿ ಒಂದೇ ಸಂಖ್ಯೆಯಿಂದ ಹತ್ತು ಯಂತ್ರಗಳನ್ನು ತೆರೆಯಬಹುದಿತ್ತು. 2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂದ ಎಕ್ಸ್‌ಪಿ ಆ ಸಂಖ್ಯೆಯನ್ನು ಯಂತ್ರದ ಬಿಡಿಭಾಗಗಳ ಗುರುತಿನೊಡನೆ ಗಂಟುಹಾಕಿತು. ಭಾಗಗಳು ಬಹಳವಾಗಿ ಬದಲಾದರೆ ಯಂತ್ರವೇ ಬೇರೆಯೆಂದು ಬಗೆಯಿತು. ಕನ್ನಡ ಲಿಪಿಗೆ ಎಡೆಗೊಟ್ಟ ಮೊದಲ ವಿಂಡೋಸೂ ಇದೇ ಎಂಬುದನ್ನು ನಾನು ಮರೆಯಲಾರೆ.

ಅಂತರ್ಜಾಲವಿಲ್ಲದ ನಾನು ದೂರವಾಣಿಯ ಮೊರೆಹೊಕ್ಕೆ. ತೆರೆಯ ಮೇಲಿನ 50 ಅಂಕಿಗಳನ್ನು ಹೇಳಿ, ಅತ್ತಲಿಂದ ಬರುವ 42 ಅಂಕಿಗಳನ್ನು ಬರೆದುಕೊಳ್ಳಬೇಕು. ಮೊದಲ ಸಲ ನಡುವೆಲ್ಲೋ ತಪ್ಪಿದೆ. ಎರಡನೆಯ ಸಲ ನೆರೆಮನೆಯ ಹುಡುಗಿ ಬೆರಳಿಟ್ಟು ತೋರಿಸಿದಂತೆ, ಆರಾರು ಅಂಕಿಗಳಾಗಿ ಓದಿದೆ. ಎಷ್ಟು ಯಂತ್ರಗಳಲ್ಲಿ ಹಾಕಿದ್ದೀರಿ ಎಂಬ ಪ್ರಶ್ನೆ ಬಂದಿತು. ಪರವಾನಗಿ ಪತ್ರ ಕೈಯಲ್ಲಿದ್ದುದರಿಂದ ಒಂದೇ ಎಂದು ಧೈರ್ಯವಾಗಿ ಹೇಳಿದೆ. ಬೀಗ ಬಿಚ್ಚಿತು.

ಬಿಚ್ಚದಿದ್ದರೂ ಬರೆಹ ಅಳಿಯುತ್ತಿರಲಿಲ್ಲವಂತೆ. ಡಿಸ್ಕನ್ನು ಕಳಚಿ ಬೇರೊಂದು ಯಂತ್ರಕ್ಕೆ ಜೋಡಿಸಿ ಓದಬಹುದಿತ್ತು. ಇದನ್ನು ರಿಪೇರಿಯವನು ನನಗೆ ಹೇಳಿದುದು ನಾಲ್ಕನೆಯ ದಿನ.