ಇದ್ದಿಲು ಬಸ್ಸು ನಿಂತ ಜಾಗ

ನಮ್ಮ ದೊಡ್ಡತ್ತೆಗೆ ಬಸ್ಸೆಂದರೆ ಮಸಿಯದೇ ನೆನಪು. ಹಲಸೂರಿನಲ್ಲಿ ಹುಟ್ಟಿ, ಕೋಲಾರಕ್ಕೆ ಸೊಸೆಯಾಗಿ ಹೋದವರು ಅವರು. "ತವರಿಗೆ ಬಂದರೆ ಮೊದಲು ಮುಖ ತೊಳೆಯೋದು, ಆಮೇಲೆ ಅಮ್ಮನ ಹತ್ತಿರ ಮಾತು" ಎಂದು ನಗುತ್ತಿದ್ದರು. ಅದು ಇದ್ದಿಲು ಬಸ್ಸಿನ ಕಾಲ.

ಎರಡನೆಯ ಮಹಾಯುದ್ಧದಲ್ಲಿ, 1941ರಲ್ಲಿ, ಪೆಟ್ರೋಲಿಗೂ ರೇಷನ್ ಬಂತು. ಮರುವರ್ಷ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿನ ಎಣ್ಣೆಯೂ ನಿಂತಿತು. ಆಗ ಬಸ್ಸುಗಳ ಹಿಂದೆ ಕಬ್ಬಿಣದ ದೊಡ್ಡ ಒಲೆ ಬಂದು ಕೂತಿತು. ಗಾಳಿ ಸಾಲದೆ ಇದ್ದಿಲು ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಬಾಣಂತಿ ಕೋಣೆಯಲ್ಲಿ ಕೆಂಡವಿಟ್ಟು ಬಾಗಿಲು ಮುಚ್ಚಬೇಡಿ ಎನ್ನುತ್ತೇವಲ್ಲ, ಅದೇ ವಿಷಗಾಳಿ. ಅದನ್ನು ತಣಿಸಿ, ಸೋಸಿ, ಎಂಜಿನ್ನಿಗೆ ಬಿಟ್ಟರೆ ಬಸ್ಸು ಓಡುತ್ತಿತ್ತು. ಸ್ವೀಡನ್, ಜರ್ಮನಿಗಳಲ್ಲಿ ಸೌದೆಯಿಂದಲೇ ಇಂಥ ಗಾಡಿಗಳು ಓಡಿದವು. ಆದರೆ ಪೆಟ್ರೋಲಿನ ಕಸುವು ಅದಕ್ಕಿರಲಿಲ್ಲ. ಹೊರಡುವ ಮುನ್ನ ಕ್ಲೀನರ್ ಹುಡುಗ ಹಿಡಿ ತಿರುಗಿಸಿ ತಿರುಗಿಸಿ ಗಾಳಿ ಊದಬೇಕು. ಏರು ಬಂದರೆ ಗಂಡಸರು ಇಳಿದು ತಳ್ಳಬೇಕು.

ದಾರಿಯಲ್ಲಿ ಬೂದಿ ಕೆದಕಿ ಇದ್ದಿಲು ತುಂಬಲು ಬಸ್ಸು ನಿಲ್ಲುತ್ತಿತ್ತಂತೆ. ನಿಲ್ಲುತ್ತಿದ್ದುದು ಎಲ್ಲಿ? ಬಾವಿ ಇದ್ದಲ್ಲಿ, ಮರದ ನೆರಳಿದ್ದಲ್ಲಿ, ನಾಲ್ಕು ಮನೆ ಇದ್ದಲ್ಲಿ. "ಒಲೆ ಕೆಂಡವಾಗೋದರೊಳಗೆ ಮಗುವಿಗೆ ಹಾಲು ಕುಡಿಸಿ, ಕೈಕಾಲು ತೊಳೆದು ಬರ್ತಿದ್ದೆ. ಆ ಮನೆಯ ಹೆಂಗಸರು ಹಿತ್ತಲಿಗೆ ಕರೆಯೋರು" ಎನ್ನುತ್ತಿದ್ದರು ಅತ್ತೆ.

ಈ ದಾರಿಗೆ ಇದು ಹೊಸದೂ ಅಲ್ಲ. ಬೆಂಗಳೂರಿನ ಮೊದಲ ರೈಲು 1864ರ ಆಗಸ್ಟ್ 1ರಂದು ದಂಡು ನಿಲ್ದಾಣಕ್ಕೂ ಜೋಲಾರಪೇಟೆಗೂ ನಡುವೆ ಓಡಿದ್ದು ಕೃಷ್ಣರಾಜಪುರದ ಮೇಲೆಯೇ. ಉಗಿಯೆಂಜಿನ್ನಿಗೂ ನಡುನಡುವೆ ನೀರು ಬೇಕಿತ್ತು, ಕಲ್ಲಿದ್ದಲು ಬೇಕಿತ್ತು. ಎತ್ತಿಗಾದರೆ ತೊಟ್ಟಿ, ಮೇವು. ಗಾಡಿ ಯಾವುದೇ ಇರಲಿ, ಅದು ಎಷ್ಟು ದೂರ ಹೋದೀತು ಎನ್ನುವುದನ್ನು ತಂಗುವ ಜಾಗವೇ ನಿಶ್ಚಯಿಸುತ್ತದೆ.

ಯುದ್ಧ ಮುಗಿದು ಪೆಟ್ರೋಲು ಮತ್ತೆ ಸಿಕ್ಕಿದ ಮೇಲೆ ಇದ್ದಿಲು ಒಲೆ ಗುಜರಿ ಸೇರಿತು. 2000ದ ನಂತರ ನಮ್ಮ ಆಟೋಗಳು ಗ್ಯಾಸಿಗೆ ತಿರುಗಿದಾಗ, ಬಂಕುಗಳು ಸಾಲದೆ ಉದ್ದುದ್ದ ಸಾಲು ನಿಂತದ್ದು ನಿಮಗೂ ನೆನಪಿರಬಹುದು. ಈಗ ವಿದ್ಯುತ್ತಿನ ಸರದಿ. ಬೆಂಗಳೂರಿನ ರೇವಾ ಕಾರು 2001ರಲ್ಲಿ ಬೀದಿಗಿಳಿಯಿತು. ವಿದ್ಯುತ್ ವಾಹನಕ್ಕೆಂದು ದೇಶದಲ್ಲೇ ಮೊದಲು ನೀತಿ ತಂದದ್ದು ಕರ್ನಾಟಕ, 2017ರಲ್ಲಿ. 2018ರಲ್ಲಿ ಇಂದಿರಾನಗರದ ಅಂಗಡಿಯಲ್ಲಿ ಏಥರ್ ವಿದ್ಯುತ್ ಸ್ಕೂಟರ್ ನೋಡಲು ಹುಡುಗ ಹುಡುಗಿಯರು ಮುತ್ತಿದರು. ಆ ವರ್ಷ ಡಿಸೆಂಬರಿನಲ್ಲಿ ಕೇಂದ್ರದ ಇಂಧನ ಸಚಿವಾಲಯ ಒಂದು ಲೆಕ್ಕ ಕೊಟ್ಟಿತು: ನಗರದಲ್ಲಿ ಮೂರು ಕಿಲೋಮೀಟರ್ ಉದ್ದಗಲದ ಪ್ರತಿ ಚೌಕಕ್ಕೊಂದು, ಹೆದ್ದಾರಿಯಲ್ಲಿ 25 ಕಿಲೋಮೀಟರಿಗೊಂದು, ಎರಡೂ ಬದಿಗೆ, ಚಾರ್ಜಿಂಗ್ ಕೇಂದ್ರ ಇರಬೇಕು. ಹಳೆ ಮದರಾಸು ರಸ್ತೆಯಲ್ಲಿ ಅಂದಾಜು ಹೊಸಕೋಟೆಗೊಂದು, ನರಸಾಪುರದ ಬಳಿಯೊಂದು, ಕೋಲಾರಕ್ಕೊಂದು.

ಲೆಕ್ಕ ಸರಿಯೇ. ಆದರೆ ಕಳೆದ ವರ್ಷ ನನ್ನ ಮಗಳು ಕೋಲಾರದಿಂದ ಒಬ್ಬಳೇ ಕಾರಿನಲ್ಲಿ ಬರುವಾಗ, ದಾರಿಯ ಕೇಂದ್ರವೊಂದರಲ್ಲಿ ಮುಕ್ಕಾಲು ಗಂಟೆ ಕಾಯಬೇಕಾಯಿತು. ಸಂಜೆ ಏಳಾಗಿತ್ತು. ಯಂತ್ರದ ಮೇಲೊಂದು ಹಸಿರು ದೀಪ ಬಿಟ್ಟರೆ ಬೆಳಕಿಲ್ಲ, ಕಾವಲುಗಾರನಿಲ್ಲ, ಶೌಚಾಲಯಕ್ಕೆ ಬೀಗ. ಕಾರಿನ ಬಾಗಿಲು ಭದ್ರಮಾಡಿಕೊಂಡು ಕೂತು, ಅಲ್ಲಿಂದ ಹೊರಡುವವರೆಗೂ ನನ್ನೊಡನೆ ಫೋನಿನಲ್ಲಿ ಮಾತಾಡುತ್ತಲೇ ಇದ್ದಳು.

ಪೆಟ್ರೋಲು ತುಂಬಲು ಐದು ನಿಮಿಷ. ಚಾರ್ಜಿಗೆ ಹಾಗಲ್ಲ, ಇದ್ದಿಲಿನ ಹಾಗೆ ಕಾಯಿಸುತ್ತದೆ. ಆದ್ದರಿಂದ ಕೇಂದ್ರಗಳ ನಕ್ಷೆ ಬರೆಯುವವರು ಕಿಲೋಮೀಟರಿನ ಜೊತೆಗೆ ಕಾಯುವ ನಿಮಿಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಹೊತ್ತಿಗೆ ಒಂದು ದೀಪ, ಕುಡಿಯುವ ನೀರು, ಬೀಗವಿಲ್ಲದ ಶೌಚಾಲಯ, ಒಂದು ಟೀ ಅಂಗಡಿ. ಹೆಚ್ಚೇನೂ ಕೇಳುತ್ತಿಲ್ಲ.

ದೊಡ್ಡತ್ತೆ ಈಗಿಲ್ಲ. ಮೈಯೆಲ್ಲ ಮಸಿ ಮಾಡಿಕೊಂಡರೂ ಅವರು ಆ ದಾರಿಗೆ ಹೆದರಿದ್ದನ್ನು ನಾನು ಕೇಳಿಲ್ಲ. ಹೊಗೆಯಿಲ್ಲದ ಕಾರಿನಲ್ಲಿ ಬಂದ ಮಗಳು ಮಾತ್ರ ಅಂದು ಮನೆ ಮುಟ್ಟಿದ ಮೇಲೆ ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.