ತೋಳು
ಕನ್ನಡದ ‘ತೋಳು’, ತಮಿಳಿನ ‘ತೋಳ್’ ಒಂದೇ ದ್ರಾವಿಡ ಬೇರಿನವು. ಹಳಗನ್ನಡದಲ್ಲಿ ನಮ್ಮದೂ ‘ತೋಳ್’ ಎಂದೇ ಇತ್ತು. ಆದರೆ ಇಂದಿನ ತಮಿಳಿನಲ್ಲಿ ತೋಳ್ ಎಂದರೆ ಹೆಗಲು. ನಮಗೆ ಅದು ಹೆಗಲಿನಿಂದ ಕೆಳಗಿಳಿದ ಕೈ. ಹೆಗಲಿಗೆ ನಮ್ಮಲ್ಲಿ ಬೇರೆಯೇ ಪದವಿದೆ, ಹಳೆಯ ‘ಪೆಗಲ್’. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಹಲವು ದೇವಾಂಗ ನೇಕಾರರ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು. ಹೊಸ್ತಿಲು ದಾಟಿದರೆ ತೋಳು ಒಂದು ಗೇಣು ಮೇಲೇರುತ್ತದೆ!

ವೈದ್ಯರ ಎದುರು ಈ ಗೇಣು ಸಣ್ಣದಲ್ಲ. 1880ರ ದಶಕದಲ್ಲಿ ಫ್ರಾನ್ಸಿನ ಲಾಂಡೂಜಿ ಮತ್ತು ದೆಜರೀನ್ ವಿವರಿಸಿದ ಒಂದು ಆನುವಂಶಿಕ ಸ್ನಾಯುಕ್ಷಯಕ್ಕೆ ಫೇಸಿಯೋ-ಸ್ಕ್ಯಾಪುಲೋ-ಹ್ಯೂಮರಲ್ ಎಂದು ಹೆಸರು: ಮುಖ, ಹೆಗಲ ಹಲಗೆ, ಮೇಲ್ದೋಳು. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಶಿಳ್ಳೆ ಹಾಕಲು ತುಟಿ ಕೂಡುವುದಿಲ್ಲ, ನಿದ್ದೆಯಲ್ಲೂ ಕಣ್ಣು ಪೂರ್ತಿ ಮುಚ್ಚದೆ ಇರಬಹುದು. ಈ ಕಾಯಿಲೆಯಿದ್ದು ‘ತೋಳು ಏಳ್ತಿಲ್ಲ’ ಎನ್ನುವವರಲ್ಲಿ ಸೋತಿರುವುದು ಎಷ್ಟೋ ಸಲ ತೋಳಲ್ಲ, ಹೆಗಲ ಹಲಗೆಯನ್ನು ಬೆನ್ನಿಗೆ ಒತ್ತಿ ಹಿಡಿಯುವ ಸ್ನಾಯು. ಹಗ್ಗದ ಮೇಲೆ ಒದ್ದೆ ಸೀರೆ ಹರವಲು ಕೈಯೆತ್ತಿದಾಗ, ಆ ಹಲಗೆ ರವಿಕೆಯೊಳಗೇ ಪುಟ್ಟ ರೆಕ್ಕೆಯಂತೆ ಎದ್ದು ನಿಲ್ಲುತ್ತದೆ.